ತಿಪ್ಪೆಗೆ ಕೊಟ್ಟದ್ದು

ಹಗರೆಯ ಗಿಡ್ಡಮ್ಮನ ಮನೆಯಲ್ಲಿ ಮೈಯಿಂದ ಕಳಚಿದ್ದು ಯಾವುದೂ ಹೊಸಿಲೊಳಗೆ ಉಳಿಯುವ ಹಾಗಿರಲಿಲ್ಲ. ತಲೆ ಬಾಚಿದ ಕೂದಲನ್ನು ಉಂಡೆ ಮಾಡಿ, ಥೂ ಎಂದು ಉಗಿದು ಆಚೆ ಎಸೆಯಬೇಕು. ಉಗುರಿನ ಚೂರು ನೆಲದ ಮೇಲೆ ಕಂಡರೆ ಕತ್ತರಿಸಿಕೊಂಡವರಿಗೆ ಅವತ್ತು ಮಂಗಳಾರತಿ. ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಕೊಟ್ಟಿಗೆಯ ಹೆಂಚಿನ ಮೇಲೆ ಎಸೆಯಬೇಕು, ಇಲ್ಲದಿದ್ದರೆ ಹೊಸ ಹಲ್ಲು ಹುಟ್ಟುವುದಿಲ್ಲ. ಹೆರಿಗೆಯ ಮಾಸು ತಿಪ್ಪೆಯಲ್ಲಿ ಹೂಳಬೇಕು. ಅವಳ ಮಗ ಮಧುಕುಮಾರನ ಮಾಸನ್ನು ಹಿತ್ತಿಲ ತಿಪ್ಪೆಯಲ್ಲೇ ಹೂತದ್ದು. ಮೊಮ್ಮಗಳು ಸ್ವಾತಿ ಆಸ್ಪತ್ರೆಯಲ್ಲಿ ಹುಟ್ಟಿದಾಗ ನರ್ಸು ಮಾಸನ್ನು ಬಕೆಟ್ಟಿಗೆ ಹಾಕಿಕೊಂಡು ಹೋಗಿಬಿಟ್ಟಳೆಂದು, ಮಗುವಿನ ನಾಮಕರಣ ಮುಗಿಯುವ ತನಕ ಗೊಣಗುತ್ತಲೇ ಇದ್ದಳು.

ಇಂಥ ಮನೆಗೆ ಮಧು, ಸ್ವಾತಿಯ ತಲೆಯೊಳಗಿನ ಗೆಡ್ಡೆಯ ಚೂರನ್ನು ರಟ್ಟಿನ ಡಬ್ಬಿಯಲ್ಲಿ ತಂದು ಬೀರುವಿನ ಮೇಲಿಟ್ಟ.

ಸ್ವಾತಿಗೆ ಆಗ ಆರು ತುಂಬಿ ಏಳು. ಕಾಯಿಲೆ ಶುರುವಾದದ್ದೇ ಒಂದು ತಮಾಷೆಯಂತೆ. ಹಾಲು ಕರೆಯುತ್ತಿದ್ದ ಅಜ್ಜಿಯ ಮುಂದೆ ನಿಂತು, ತಲೆ ವಾರೆ ಮಾಡಿಕೊಂಡು, "ಅಜ್ಜಿ, ನೀನು ಎರಡು ಕಾಣ್ತೀಯ" ಎಂದಿತ್ತು ಮಗು. ಗಿಡ್ಡಮ್ಮ ನಕ್ಕು, ನಿಮ್ಮ ತಾತನಿಗೆ ಒಬ್ಬಳನ್ನೇ ಸಂಭಾಳಿಸಲು ಆಗುತ್ತಿಲ್ಲ, ಇನ್ನೊಬ್ಬಳನ್ನು ಎಲ್ಲಿಂದ ತಂದೆ ಎಂದು ಕೇಳಿದ್ದಳು. ಆ ನಗುವನ್ನು ನೆನೆದರೆ ಈಗಲೂ ಅವಳಿಗೆ ಬಾಯಿಗೆ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಆಮೇಲೆ ಒಂದು ಕಣ್ಣು ಮೂಗಿನ ಕಡೆಗೆ ಎಳೆದುಕೊಂಡಿತು. ಓಡುವ ಮಗು ಗೋಡೆ ಹಿಡಿದು ನಡೆಯತೊಡಗಿತು. ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದರು. ಮೆದುಳು ಕತ್ತಿಗೆ ಇಳಿಯುವ ಜಾಗದಲ್ಲಿ, ಉಸಿರು, ನುಂಗುವುದು ಎಲ್ಲ ಹಾದುಹೋಗುವ ಕಡೆ, ಗೆಡ್ಡೆ ಬೆಳೆದಿತ್ತು. ತೆಗೆಯಲು ಬರುವಂಥದ್ದಲ್ಲ ಅದು. ಮೈಸೂರಿನ ಆಸ್ಪತ್ರೆಯಲ್ಲಿ ಸೂಜಿ ಇಳಿಸಿ ರಾಗಿಕಾಳಿನಷ್ಟು ಚೂರು ಮಾತ್ರ ತೆಗೆದು, ಮೇಣದಲ್ಲಿ ಅಚ್ಚು ಹಾಕಿ, ಪುಟ್ಟ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಸಿ ಪರೀಕ್ಷೆ ಮಾಡಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಯವರೂ ಅದನ್ನು ನೋಡಿ, ಜೋಪಾನವಾಗಿಟ್ಟುಕೊಳ್ಳಿ ಎಂದು ವಾಪಸು ಕೊಟ್ಟರು.

ಮಧು ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರು. ದಿನಾ ಬೆಳಿಗ್ಗೆ ಒಬ್ಬೊಬ್ಬರ ಹಾಲಿನಿಂದ ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ, ಬರೆದುಕೊಂಡು, ಸ್ಯಾಂಪಲ್ಲನ್ನು ಮೋರಿಗೆ ಚೆಲ್ಲುವುದು ಅವನ ಕೆಲಸ. ಅದನ್ನು ಗಿಡ್ಡಮ್ಮ ಎಷ್ಟು ವರ್ಷಗಳಿಂದ ನೋಡಿದ್ದಾಳೆ! ನೋಡಿದ ಮೇಲೆ ಸ್ಯಾಂಪಲ್ಲನ್ನು ಯಾರಾದರೂ ಮನೆಗೆ ತಂದಿಟ್ಟುಕೊಳ್ಳುತ್ತಾರೆಯೇ? ಡಾಕ್ಟರು ನೋಡಿಯಾಯಿತು, ಕಾಗದ ಬಂದಾಯಿತು. ಇನ್ನು ಈ ಪೀಡೆಯ ತುಂಡು ಮಗು ಮಲಗುವ ಕೋಣೆಯಲ್ಲಿ, ಅದರ ನೆತ್ತಿಯ ಮೇಲೇ ಏಕೆ ಕೂತಿರಬೇಕು? ಮಗನಿಗೆ ಹೇಳಿದಳು. ಅವನು ಹೂಂ ಅಂದ, ಮರೆತ. ಅವನಿಗೆ ಆಗ ನೂರು ಚಿಂತೆ.

ಸೊಸೆ ಹೇಮಾಶ್ರೀ, ಮಧು ಇಬ್ಬರೂ ಮಗುವನ್ನು ಕರೆಂಟ್ ಕೊಡಿಸಲು ಬೆಂಗಳೂರಿಗೆ ಕರೆದುಕೊಂಡು ಹೋದರು. ಆಸ್ಪತ್ರೆಯವರು ರೇಡಿಯೇಷನ್ ಅನ್ನುತ್ತಾರೆ, ಊರಲ್ಲಿ ಅದಕ್ಕೆ ಕರೆಂಟ್ ಅಂತಲೇ ಹೆಸರು. ಅಲ್ಲೇ ರೂಮು ಮಾಡಿಕೊಂಡು ತಿಂಗಳ ಮೇಲೆ ಇರಬೇಕಿತ್ತು. ಅವರು ಹೋದ ವಾರದಲ್ಲೇ ಒಂದು ಬೆಳಿಗ್ಗೆ, ಗಂಡ ನಂಜುಂಡಯ್ಯ ತೋಟದ ಕಡೆ ಹೋದದ್ದು ನೋಡಿಕೊಂಡು, ಗಿಡ್ಡಮ್ಮ ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು. ಮಗು ಇಲ್ಲದ್ದರಿಂದ ಅದರ ಫ್ರಾಕನ್ನು ಮುಂದಿಟ್ಟುಕೊಂಡು, ಉಪ್ಪು ಮೆಣಸಿನಕಾಯಿಯ ಜೊತೆ ಡಬ್ಬಿಯನ್ನೂ ಹಿಡಿದು ನೀವಾಳಿಸಿದಳು. ಹಾರೆಯಿಂದ ತಿಪ್ಪೆಯ ನಡುಮಧ್ಯೆ ಮೊಣಕೈ ಮುಳುಗುವಷ್ಟು ಗುಳಿ ಮಾಡಿ ಇಟ್ಟು ಮುಚ್ಚಿದಳು. ಸಗಣಿ, ಗಂಜಳ, ಬೂದಿ, ಕೊಳೆತದ್ದು, ಹಳಸಿದ್ದು ಎಲ್ಲವನ್ನೂ ತಿಂದು ಅನ್ನ ಮಾಡಿ ಕೊಡುವವಳು ತಿಪ್ಪಮ್ಮ. ದೀಪಾವಳಿಗೆ ದೀಪ ಇಟ್ಟು ಕೈ ಮುಗಿಯುವುದು ಸುಮ್ಮನೆಯೇ?

"ಎಲ್ಲಾನೂ ಅರಗಿಸ್ಕೊಂಡಿದ್ದೀಯ ತಾಯಿ, ಇದನ್ನೂ ಅರಗಿಸ್ಕೊ" ಎಂದು ಗಟ್ಟಿಯಾಗಿಯೇ ಹೇಳಿ, ಮಣ್ಣಿನ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಳು.

ಮಗು ಊರಿಗೆ ಬಂದಾಗ ಗಿಡ್ಡಮ್ಮ ತನ್ನ ಕಣ್ಣನ್ನೇ ನಂಬಲಿಲ್ಲ. ಎಳೆದುಕೊಂಡಿದ್ದ ಕಣ್ಣು ತನ್ನ ಜಾಗಕ್ಕೆ ಬಂದಿತ್ತು. ಗೋಡೆ ಬಿಟ್ಟು ನಡೆದಳು, ಆಮೇಲೆ ಓಡಿದಳು. ತಾತನ ಜೊತೆ ಹಾಲಿನ ಕ್ಯಾನು ಹಿಡಿದುಕೊಂಡು ಡೈರಿಗೆ ಹೋದಳು. ಒಂದು ಭಾನುವಾರ ಹಳೇಬೀಡಿಗೆ ಕರೆದುಕೊಂಡು ಹೋದರೆ ದೇವಸ್ಥಾನದ ಜಗಲಿಯನ್ನು ಸುತ್ತಿ ಸುತ್ತಿ ಓಡಿ, ಹಿಂದೆ ಓಡಿದ ಅಜ್ಜಿಗೆ ಏದುಸಿರು ಬರಿಸಿದಳು. ಇದು ಕರೆಂಟಿನ ಗುಣ, ಕೆಲವು ತಿಂಗಳು ಹೀಗಿರುತ್ತದೆ, ಆಮೇಲೆ ಗೆಡ್ಡೆ ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಧುವೂ ಹೇಮಾಶ್ರೀಯೂ ಅದನ್ನು ಹಿರಿಯರಿಗೆ ಪೂರ್ತಿ ಹೇಳಿರಲಿಲ್ಲ. ಗಿಡ್ಡಮ್ಮ ಕರೆಂಟನ್ನು ಹೊಗಳುವವರ ಎದುರು ತಲೆಯಾಡಿಸುತ್ತಿದ್ದಳು, ಒಳಗೊಳಗೇ ತಿಪ್ಪೆಯ ಕಡೆ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತಲ್ಲ, ನಿಜವಾದ ಕೆಲಸ ಮಾಡಿದವರು ಯಾರೆಂದು! ಹೇಳಿಕೊಂಡರೆ ಫಲ ಹೋಗುತ್ತದೆಂದು ಬಾಯಿ ಬಿಗಿಹಿಡಿದಿದ್ದಳು. ಅಷ್ಟು ಸುಖವಾಗಿ ಅವಳು ಯಾವ ಗುಟ್ಟನ್ನೂ ಇಟ್ಟುಕೊಂಡಿರಲಿಲ್ಲ.

ಯುಗಾದಿ ಕಳೆಯಿತು. ಮುಂಗಾರಿಗೆ ಮುಂಚೆ ನಂಜುಂಡಯ್ಯ ಟ್ರ್ಯಾಕ್ಟರ್ ಕರೆಸಿ ತಿಪ್ಪೆ ಬಗೆಸಿ, ಗೊಬ್ಬರವನ್ನೆಲ್ಲ ರಾಗಿಹೊಲಕ್ಕೆ ಹೊಡೆಸಿ ಗುಡ್ಡೆ ಗುಡ್ಡೆ ಹಾಕಿಸಿದ. ಅದಾಗಿ ಒಂದು ವಾರವೂ ಆಗಿರಲಿಲ್ಲ, ಬೆಂಗಳೂರಿನ ಆಸ್ಪತ್ರೆಯಿಂದ ಫೋನು ಬಂತು.

ಮಾತಾಡಿದವಳು ಮೇಧಿನಿ ಎಂಬ ಹುಡುಗಿ. ಮಕ್ಕಳ ಮೆದುಳಿನ ಗೆಡ್ಡೆಗೆ ಹೊಸ ಚಿಕಿತ್ಸೆ ಹುಡುಕುವ ಸಂಶೋಧನೆಯವರ ಜೊತೆ ಕೆಲಸ ಅವಳದು. ಮಧು ಎಲ್ಲರಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ಜೀನ್ ಚಿಕಿತ್ಸೆಯಂತೆ. ಒಂದು ವೈರಸ್ಸಿನ ವಿಷ ತೆಗೆದು ಸಾಧು ಮಾಡಿ, ಅದರೊಳಗೆ ಒಂದು ಜೀನ್ ಇಟ್ಟು ಗೆಡ್ಡೆಯೊಳಕ್ಕೆ ಬಿಡುತ್ತಾರೆ. ಅದು ಕೆಟ್ಟ ಕಣಗಳೊಳಕ್ಕೆ ಹೊಕ್ಕು, ಅವು ತಮ್ಮನ್ನು ತಾವೇ ಸಾಯಿಸಿಕೊಳ್ಳುವ ಹಾಗೆ ಮಾಡುತ್ತದೆ. ಹೆಗ್ಗಣದ ಬಿಲಕ್ಕೆ ಹೆಗ್ಗಣದ ವೇಷದಲ್ಲೇ ಪಾಷಾಣ ಕಳಿಸಿದ ಹಾಗೆ ಎಂದು ನಂಜುಂಡಯ್ಯ ಹೆಂಡತಿಗೆ ಬಿಡಿಸಿ ಹೇಳಿದ. ಇನ್ನೂ ಪ್ರಯೋಗ, ಕೆಲವೇ ಮಕ್ಕಳಿಗೆ ಕೊಟ್ಟಿದ್ದಾರೆ, ವಾಸಿಯಾಗುತ್ತದೆಂದು ಯಾರೂ ಮಾತು ಕೊಡಲಾರರು ಎಂದು ಮೇಧಿನಿ ಮತ್ತೆ ಮತ್ತೆ ಹೇಳಿದಳು. ಅದು ಯಾರ ಕಿವಿಗೂ ಬೀಳಲಿಲ್ಲ. ಕರೆಂಟ್ ಮುಗಿದು ಗೆಡ್ಡೆ ಮತ್ತೆ ಬೆಳೆಯುವ ಮುಂಚೆ ಸೇರಿಸಿಕೊಳ್ಳಬೇಕು, ಸ್ವಾತಿಗೆ ಈಗ ಸರಿಯಾದ ಸಮಯ. ಗೆಡ್ಡೆ ಮತ್ತೆ ಬೆಳೆಯುತ್ತದೆಂಬುದು ಹಿರಿಯರಿಬ್ಬರಿಗೂ ಪೂರ್ತಿ ತಿಳಿದದ್ದು ಆಗಲೇ. ಆದರೆ ಎಲ್ಲ ಗೆಡ್ಡೆಗೂ ಇದು ನಾಟುವುದಿಲ್ಲ. ಜೀನಿನಲ್ಲಿ ಒಂದು ಗುರುತು ಇರಬೇಕು, ಹಿಂದಿನ ಪರೀಕ್ಷೆಯಲ್ಲಿ ಅದನ್ನು ನೋಡಿರಲಿಲ್ಲ.

"ಆ ಮೇಣದ ಅಚ್ಚು ನಿಮ್ಮ ಹತ್ರ ಇದೆಯಲ್ಲ ಸರ್, ಅದನ್ನ ತಂದುಕೊಡಿ, ಸಾಕು" ಎಂದಳು.

ಎಷ್ಟೋ ತಿಂಗಳ ಮೇಲೆ ಮಧುವಿನ ಮುಖ ಅರಳಿತು. ನಾಳೆಯೇ ತರುತ್ತೇನೆ ಎಂದು ಫೋನಿಟ್ಟು, ಸ್ಟೂಲು ಎಳೆದುಕೊಂಡು ಬೀರುವಿನ ಮೇಲೆ ಕೈಯಾಡಿಸಿದ.

ಗಿಡ್ಡಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಧು ಬೀರುವಿನ ಮೇಲಿದ್ದ ಸೂಟ್‌ಕೇಸು ಇಳಿಸಿದ, ಹಳೆಯ ಕ್ಯಾಲೆಂಡರುಗಳನ್ನು ಇಳಿಸಿದ, ಬೀರುವನ್ನೇ ಗೋಡೆಯಿಂದ ಎಳೆದು ಹಿಂದೆ ನೋಡಿದ. ಇಲಿ ಎಳೆದುಕೊಂಡು ಹೋಯಿತೇನೋ ಎಂದ. ಆಗ ಹೇಮಾಶ್ರೀಗೆ ಹಬ್ಬದ ಸಾರಣೆ ನೆನಪಾಯಿತು. ಯುಗಾದಿಗೆ ಧೂಳು ಹೊಡೆದವಳು ಅವಳೇ, ಮೇಲಿದ್ದ ರದ್ದಿಯನ್ನೆಲ್ಲ ಹಂಡೆ ಒಲೆಗೆ ಹಾಕಿದವಳೂ ಅವಳೇ. ಅದರಲ್ಲಿ ಡಬ್ಬಿಯೂ ಹೋಯಿತೇನೋ, ನನ್ನ ಕೈಯಾರೆ ಸುಟ್ಟೆನೇನೋ ಎನ್ನುತ್ತ ನೆಲದ ಮೇಲೆ ಕುಸಿದು ಹಣೆ ಚಚ್ಚಿಕೊಳ್ಳತೊಡಗಿದಳು. ಮಧು ಸಮಾಧಾನ ಹೇಳಲಿಲ್ಲ. ನಿನಗೆ ಕಣ್ಣಿರಲಿಲ್ಲವೇ ಎಂದುಬಿಟ್ಟ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಿಡ್ಡಮ್ಮನಿಗೆ ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಒಂದು ಗಳಿಗೆ ನಿಂತಿತು. ಆದರೆ ಸೊಸೆಯ ಹಣೆಯಲ್ಲಿ ಕುಂಕುಮ ಕದಡಿ ಮೂಗಿನ ತನಕ ಇಳಿದದ್ದನ್ನು ನೋಡಿದಳು.

"ಅವಳನ್ಯಾಕಂತೀಯ. ನಾನು ತಿಪ್ಪೆಗೆ ಹಾಕ್ದೆ ಕಣ್ಲಾ."

ಮಧುವಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಬೇಕಾಯಿತು, ಫ್ರಾಕು, ಉಪ್ಪು, ಹಾರೆ ಎಲ್ಲ. ರೋಗದ ತುಂಡು ಮಗುವಿನ ತಲೆದೆಸೆಯಲ್ಲಿ ಇರಬಾರದೆಂದು ಮಾಡಿದೆ ಎಂದಳು. ನೀನೂ ಸ್ಯಾಂಪಲ್ ಚೆಲ್ಲುತ್ತೀಯಲ್ಲಪ್ಪ ಎಂದಳು. ಅವನು ಕೂಗಾಡಿದ್ದರೆ, ಕೈಯೆತ್ತಿದ್ದರೂ ಅವಳಿಗೆ ಹಗುರವಾಗುತ್ತಿತ್ತು. ಅವನು ಸ್ಟೂಲಿನ ಮೇಲೆ ಹಾಗೇ ಕುಳಿತ.

"ಅದೊಂದೇ ಇದ್ದಿದ್ದು ಕಣವ್ವ" ಎಂದ.

ನಂಜುಂಡಯ್ಯ ಆಗಲೇ ಗುದ್ದಲಿ, ಜರಡಿ ತೆಗೆದುಕೊಂಡು ಅಂಗಳಕ್ಕೆ ಇಳಿದಿದ್ದ.

ಹೊಲದಲ್ಲಿ ಗೊಬ್ಬರದ ಗುಡ್ಡೆಗಳು ಸಾಲಾಗಿ ಬಿಸಿಲು ಕಾಯುತ್ತ ಬಿದ್ದಿದ್ದವು. ತಿಪ್ಪೆಯ ನಡುಮಧ್ಯದ್ದು ಯಾವ ಗುಡ್ಡೆಗೆ ಬಂದಿದೆ ಎಂದು ಯಾರು ಹೇಳಬೇಕು? ಒಂದು ತುದಿಯಿಂದ ಶುರು ಮಾಡಿದರು. ಗುದ್ದಲಿ ತಾಗಿ ಒಡೆದೀತೆಂದು ಕೈಯಲ್ಲೇ ಒಡೆದು, ಜರಡಿ ಹಿಡಿದರು. ಪಕ್ಕದ ಹೊಲದ ಹುಚ್ಚಣ್ಣ ಬಂದು, ಓಲೆ ಕಳೆದುಹೋಯಿತೇ ಎಂದು ಕೇಳಿದ. ತಿಪ್ಪೆಯಲ್ಲಿ ಹುಡುಕುವಂಥದ್ದು ಬಂಗಾರ ಬಿಟ್ಟು ಇನ್ನೇನಿರುತ್ತದೆ. ಮಧು ಇದ್ದದ್ದು ಇದ್ದ ಹಾಗೆ ಹೇಳಿದ. ಹುಚ್ಚಣ್ಣ ಬಾಯಿಬಡುಕ, ಒಂದಕ್ಕೆ ಹತ್ತು ಮಾತಾಡುವವನು. ಅವತ್ತು ಒಂದು ಮಾತೂ ಆಡದೆ ಹೋಗಿ, ಹೆಂಡತಿ ಶಿವಗಂಗಮ್ಮನನ್ನೂ ಮನೆಯ ಮಂಕರಿಗಳನ್ನೂ ಕರೆತಂದ. ಮಧ್ಯಾಹ್ನದ ಹೊತ್ತಿಗೆ ಹೊಲದ ತುಂಬ ಜನ. ಯಾರೂ ಗಿಡ್ಡಮ್ಮನನ್ನು ಬೈಯಲಿಲ್ಲ. ಅವಳ ಜಾಗದಲ್ಲಿದ್ದರೆ ಅವರಲ್ಲಿ ಅರ್ಧದಷ್ಟು ಹೆಂಗಸರು ಅದನ್ನೇ ಮಾಡುತ್ತಿದ್ದರು, ಅವರಿಗೂ ಅದು ಗೊತ್ತಿತ್ತು. ಗಿಡ್ಡಮ್ಮ ಮಂಡಿಯೂರಿ ಗೊಬ್ಬರವನ್ನು ಬೆರಳುಗಳಲ್ಲಿ ಹಿಸುಕಿ ಹಿಸುಕಿ ನೋಡಿದಳು. ಉಗುರುಗಳು ಸೀಳಿದವು. ನಡುವೆ ಒಮ್ಮೆ, ಸಿಗದಿದ್ದರೆ ಈ ಹೊಲದಲ್ಲೇ ನನ್ನನ್ನೂ ಮುಚ್ಚಿಬಿಡಿ ಎಂದಳು. ನಂಜುಂಡಯ್ಯ, ಮಾತು ಸಾಕು, ಕೈ ಆಡಿಸು ಎಂದ.

ಬರಬೇಡ ಎಂದಿದ್ದರೂ ಸ್ವಾತಿ ಬಂದಿದ್ದಳು. ಊರಿಗೆ ಊರೇ ಗೊಬ್ಬರದಲ್ಲಿ ಆಡುತ್ತಿರುವಾಗ ಮನೆಯಲ್ಲಿ ಕೂರುವ ಮಗುವೇ ಅದು? ದೊಡ್ಡವರು ಜರಡಿ ಹಿಡಿದು ಬಿಟ್ಟಿದ್ದ ಒಂದು ಗುಡ್ಡೆಯನ್ನು ಕಡ್ಡಿಯಿಂದ ಕೆದಕುತ್ತಿದ್ದವಳು, ಏನನ್ನೋ ಎತ್ತಿ ಫ್ರಾಕಿಗೆ ಒರೆಸಿ ತಂದಳು.

"ಅಜ್ಜಿ, ಇದಾ?"

ಅದೇ. ಬೆಂಕಿಪೊಟ್ಟಣದ ಅರ್ಧದಷ್ಟು ಬಿಳಿಯ ಪ್ಲಾಸ್ಟಿಕ್ ಚೌಕಟ್ಟು. ಅಂಚಿನಲ್ಲಿ ಆಸ್ಪತ್ರೆಯವರು ಬರೆದ ನಂಬರು ಅಳಿಸದೆ ನಿಂತಿತ್ತು. ಮಧು ಕಸಿದುಕೊಂಡ. ಹೇಮಾಶ್ರೀ ಮಗುವನ್ನು ಎತ್ತಿಕೊಂಡು ಗೊಬ್ಬರದ ಕೆನ್ನೆಗೆ ಮುತ್ತಿಟ್ಟಳು. ಗಿಡ್ಡಮ್ಮನ ಬಾಯಿಂದ ಅಳುವೂ ನಗುವೂ ಅಲ್ಲದ ಒಂದು ದನಿ ಬಂತು. ಬದುಕಿದೆ ಅನ್ನಿಸಿತು.

ಆದರೆ ಮಧು ಚೌಕಟ್ಟನ್ನು ಹಿಂದೆ ಮುಂದೆ ತಿರುಗಿಸುತ್ತಲೇ ಇದ್ದ. ಅದರ ತಳದ ಜಾಲರಿಯ ಕಿಂಡಿಗಳಿಂದ ಆಚೆಯ ಬಿಸಿಲು ಕಾಣುತ್ತಿತ್ತು. ಮೇಣ ಇರಲಿಲ್ಲ. ಮೇಣದೊಳಗಿನ ರಾಗಿಕಾಳೂ ಇರಲಿಲ್ಲ. ನಂಜುಂಡಯ್ಯ ಅದನ್ನು ಈಸಿಕೊಂಡು ಹೆಬ್ಬೆರಳಿನಿಂದ ಸವರಿದ.

"ಒಳಗೆ ಕಾವಿತ್ತು ಕಣಪ್ಪ" ಎಂದ. "ಬಗೆಯುವಾಗ ಹಬೆ ಆಡ್ತಿತ್ತು, ಕೈ ಇಕ್ಕಕ್ಕೆ ಆಗ್ತಿರ್ಲಿಲ್ಲ. ಮೇಣ ಎಲ್ಲಿ ತಡೀತದೆ."

ಒಳ್ಳೆಯ ತಿಪ್ಪೆಯ ಲಕ್ಷಣವೇ ಅದು, ಹೊಟ್ಟೆಯೊಳಗೆ ಕುದಿಯುವ ಕಾವು. ಆ ಕಾವಿಗಾಗಿಯೇ ಗಿಡ್ಡಮ್ಮ ವರ್ಷವಿಡೀ ಸಗಣಿಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಗಂಜಳ ಹಾಕಿ, ಊರಲ್ಲಿ ನಮ್ಮಂಥ ತಿಪ್ಪೆ ಇಲ್ಲ ಎಂದು ಮೆರೆಯುತ್ತಿದ್ದಳು. ಈಗ ಅವಳಿಗೆ ತನ್ನ ಮಾತು ತನಗೇ ಕೇಳಿಸಿತು. ಅರಗಿಸ್ಕೊ ತಾಯಿ ಎಂದಿದ್ದಳು. ಅರಗಿಸಿಕೊಂಡಿದ್ದಳು ತಾಯಿ. ಬದುಕಿನಲ್ಲಿ ಎಷ್ಟು ದೇವರಿಗೆ ಎಷ್ಟು ಕೇಳಿಕೊಂಡಿರಲಿಲ್ಲ ಅವಳು, ಯಾವ ದೇವರೂ ಕೇಳಿದ್ದನ್ನು ಇಷ್ಟು ಸರಿಯಾಗಿ ನಡೆಸಿಕೊಟ್ಟಿರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿ. ಅಂಟಿಕೊಂಡದ್ದು ಏನಾದರೂ ಇದ್ದೀತು ಎಂದು ಮಧು ಖಾಲಿ ಚೌಕಟ್ಟನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟ. ಗಿಡ್ಡಮ್ಮ ಯಾರ ಮಾತೂ ಕೇಳದೆ ಅವನ ಹಿಂದೆ ಬಸ್ಸು ಹತ್ತಿದಳು. ಹಳೇಬೀಡಿನಲ್ಲಿ ಬಸ್ಸು ಬದಲಾಯಿಸಿ, ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರು ಮುಟ್ಟುವ ತನಕ ಮಗ ಅವಳಿಗೆ ಟೀ ಕೊಡಿಸಿದ, ಕಿಟಕಿಯ ಸೀಟು ಬಿಟ್ಟುಕೊಟ್ಟ, ಒಂದು ಮಾತೂ ಆಡಲಿಲ್ಲ.

ಮೇಧಿನಿ ಚೌಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಬಂದಾಗ ಜೊತೆಗೆ ಡಾಕ್ಟರೂ ಇದ್ದರು. ಇದರಲ್ಲಿ ಏನೂ ಉಳಿದಿಲ್ಲ ಎಂದರು. ಇನ್ನೊಮ್ಮೆ ಸೂಜಿ ಇಳಿಸಬಹುದಲ್ಲ ಎಂದು ಮಧು ಕೇಳಿದ. ಆ ಜಾಗಕ್ಕೆ ಮೊದಲ ಸಲ ಇಳಿಸಿದ್ದೇ ಅಪಾಯದ ಕೆಲಸ, ಈಗ ನಡೆದಾಡುತ್ತಿರುವ ಮಗು ಮತ್ತೆ ಏಳದೇ ಹೋಗಬಹುದು, ನಾನು ಮಾಡಲಾರೆ ಎಂದರು. ಗುರುತು ನೋಡದೆ ಹಾಗೇ ಕೊಟ್ಟುಬಿಡಿ ಎಂದ. ಹಾಗೆ ಕೊಡುವುದು ಚಿಕಿತ್ಸೆಯಲ್ಲ, ಒಳ್ಳೆಯದಾಗುವ ಬದಲು ಕೇಡಾದರೆ ಎಂದರು. ಗಿಡ್ಡಮ್ಮ ಆ ತನಕ ಗೋಡೆಗೆ ಒರಗಿ ನಿಂತಿದ್ದವಳು ಮುಂದೆ ಬಂದು, ಅದು ನನ್ನ ಮಗನ ಮಗಳು, ರಕ್ತ ಒಂದೇ, ನನ್ನ ತಲೆಯಿಂದ ತೆಗೆದು ನೋಡಿ ಎಂದಳು. ಡಾಕ್ಟರು ನಗಲಿಲ್ಲ. ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು.

"ಅದು ಇದ್ದಿದ್ರೆ ನಮ್ಮ ಮಗ ಉಳೀತಿತ್ತಾ ಸ್ವಾಮಿ?" ಎಂದು ಕೇಳಿದಳು. ಅವಳ ಬಾಯಲ್ಲಿ ಮಗುವಿಗೂ ಮಗ ಅಂತಲೇ.

"ಗೊತ್ತಿಲ್ಲಮ್ಮ. ಆ ಗುರುತು ಇರದೇ ಇದ್ದಿರಬಹುದು. ಇದ್ದಿದ್ರೂ, ಈ ಔಷಧಿ ಎಷ್ಟು ಕೆಲಸ ಮಾಡುತ್ತೆ ಅಂತ ನಮಗೇ ಇನ್ನೂ ಗೊತ್ತಿಲ್ಲ."

ಅವರು ಅವಳಿಗೆ ಸಮಾಧಾನವಾಗಲೆಂದೇ ಹೇಳಿದ್ದು. ಆದರೆ ಗಿಡ್ಡಮ್ಮನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ನೀನೇ ಕೊಂದೆ ಎಂದಿದ್ದರೆ ಕೊಂದವಳ ಹಾಗೆ ಬದುಕಬಹುದಿತ್ತು. ನಿನ್ನ ತಪ್ಪೇನೂ ಇಲ್ಲ ಎಂದಿದ್ದರೆ ಮಗುವನ್ನು ತಬ್ಬಿಕೊಂಡು ಅಳಬಹುದಿತ್ತು. ಗೊತ್ತಿಲ್ಲ ಎಂಬ ಮಾತನ್ನು ಇಟ್ಟುಕೊಂಡು ಏನು ಮಾಡುವುದು? ಅದನ್ನು ಯಾವ ತಿಪ್ಪೆಗೆ ಹಾಕುವುದು?

ಊರಿಗೆ ಬಂದ ಮೇಲೆ ಅವಳು ಸೊಸೆಯ ಎದುರು ಊಟಕ್ಕೆ ಕೂರಲು ಹೆದರಿದಳು. ಹೇಮಾಶ್ರೀ ಎಂದಿನಂತೆ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಕೆಲವು ದಿನಗಳ ಮೇಲೆ, ಸೊಪ್ಪು ಬಿಡಿಸುತ್ತ ಕುಳಿತಿದ್ದಾಗ ತಲೆಯೆತ್ತದೆ ಹೇಳಿದಳು: "ನನ್ನನ್ನ ಒಂದು ಮಾತು ಕೇಳಿದ್ದಿದ್ರೂ ನಾನೂ ಹಾಕಿ ಅಂತಿದ್ನೇನೋ ಅತ್ತೆ. ನಂಗೂ ಆ ಡಬ್ಬಿ ನೋಡಿದ್ರೆ ಮೈ ಉರೀತಿತ್ತು." ಗಿಡ್ಡಮ್ಮ ಸೊಪ್ಪಿನ ದಂಟುಗಳನ್ನು ಸುಮ್ಮನೆ ಒಟ್ಟು ಮಾಡಿ ಮಡಿಲಿಗೆ ಹಾಕಿಕೊಂಡಳು.

ಮಳೆ ಹಿಡಿಯಿತು. ರಾಗಿ ಹುಟ್ಟಿತು. ಆ ವರ್ಷದಂಥ ಪೈರು ಹಿಂದೆ ಬಂದಿರಲಿಲ್ಲ ಎಂದು ದಾರಿಯಲ್ಲಿ ಹೋಗುವವರು ಹೇಳುತ್ತಿದ್ದರು. ಗಿಡ್ಡಮ್ಮ ಕಳೆ ತೆಗೆಯಲು ಕೂಡ ಆ ಹೊಲಕ್ಕೆ ಇಳಿಯಲಿಲ್ಲ. ಮನೆಯಲ್ಲಿ ಅವಳ ಬಾಯಿ ನಿಂತುಹೋಗಿತ್ತು. ನೆಲದ ಮೇಲೆ ಉಗುರಿನ ಚೂರು ಬಿದ್ದಿದ್ದರೂ ಬೈಯುತ್ತಿರಲಿಲ್ಲ. ಸ್ವಾತಿಯ ತಲೆ ಬಾಚಿದರೆ, ಕರೆಂಟಿಗೆ ಉದುರಿ ಈಗಷ್ಟೇ ಹುಟ್ಟಿದ ಎಳೆಗೂದಲು ಬಾಚಣಿಗೆಗೆ ಬರುತ್ತಿತ್ತು. ಅದನ್ನು ಎಸೆಯಲು ಕೈ ಬಾರದೆ ಒಂದು ಬಟ್ಟೆಗೆ ಸುತ್ತಿ ಇಟ್ಟುಕೊಳ್ಳುತ್ತಿದ್ದಳು. ನಾಳೆ ಯಾರು ಏನನ್ನು ಕೇಳುತ್ತಾರೋ.

ಆಷಾಢ ಕಳೆದು ಶ್ರಾವಣದಲ್ಲಿ ಒಂದು ಬೆಳಿಗ್ಗೆ ಸ್ವಾತಿಯ ಮುಂದಿನ ಹಲ್ಲು ಬಿತ್ತು. ಅಂಗೈಯಲ್ಲಿ ಹಿಡಿದು ಕೊಟ್ಟಿಗೆಗೆ ಓಡಿ ಬಂದಳು, ಬಾಯಲ್ಲಿ ರಕ್ತ, ಮುಖದಲ್ಲಿ ನಗು. ಸಗಣಿ ಉಂಡೆ ಮಾಡು ಎಂದಳು. ಆಮೇಲೆ ಮಾಡೋಣ ಅಂದರೆ ಕೇಳಲಿಲ್ಲ. "ಎಸೀದಿದ್ರೆ ಹೊಸ ಹಲ್ಲು ಬರಲ್ಲ ಅಂತ ನೀನೇ ಹೇಳಿದ್ದು ಅಜ್ಜಿ" ಎಂದಳು. ಹೌದು, ಅವಳೇ ಹೇಳಿದ್ದು. ಗಿಡ್ಡಮ್ಮ ಹಲ್ಲನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಳು. ಅಕ್ಕಿಕಾಳಿನಂಥ ಹಲ್ಲು, ಬುಡದಲ್ಲಿ ಒಂದಿಷ್ಟು ಕೆಂಪು. ಎಸೆದರೆ ಮಗುವಿನ ಇನ್ನೊಂದು ಚೂರನ್ನು ಕೈಯಾರೆ ಕಳೆದ ಹಾಗೆ. ಇಟ್ಟುಕೊಂಡರೆ ಹೊಸ ಹಲ್ಲು ಬೇಡವೆಂದು ತಾನೇ ಹೇಳಿದ ಹಾಗೆ. ಎರಡರಲ್ಲಿ ಯಾವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

ಮಗುವಿಗೆ ಬೆನ್ನು ಮಾಡಿ ಸಗಣಿ ತೆಗೆದುಕೊಂಡು ಉಂಡೆ ಕಟ್ಟಿದಳು. ಹಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಬರೀ ಉಂಡೆಯನ್ನು ಎತ್ತಿ ಕೊಟ್ಟಿಗೆಯ ಹೆಂಚಿನ ಮೇಲೆ ಎಸೆದಳು. ಅದು ಸೂರಿನ ಮೇಲೆ ಬಿದ್ದು ಅಂಟಿಕೊಂಡಿತು.

ಸ್ವಾತಿ ಚಪ್ಪಾಳೆ ತಟ್ಟಿದಳು. ಆಮೇಲೆ ತಲೆಯನ್ನು ವಾರೆ ಮಾಡಿಕೊಂಡು, ಒಂದು ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು.

"ಎರಡು ಉಂಡೆನೂ ಬಿದ್ವು ಅಜ್ಜಿ" ಎಂದಳು.

ಗಿಡ್ಡಮ್ಮ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೆಂಚಿನ ಮೇಲಿದ್ದ ಒಂದೇ ಉಂಡೆಯನ್ನು ನೋಡುತ್ತ, "ಹೂಂ ಕಣವ್ವ, ಎರಡೂ ಬಿದ್ವು" ಎಂದಳು.